ಚಪ್ಪರದಲ್ಲಿ ನಿಂತುಹೋದ ಓದು

ನಮ್ಮ ಮನೆಯಲ್ಲಿ ‘ಅರ್ಥ ಮಾಡ್ಕೊ’ ಎನ್ನುವ ಮಾತು ಬೈಗುಳಕ್ಕಿಂತ ಕೆಟ್ಟದ್ದಾಗಿತ್ತು. ಬೈಗುಳಕ್ಕೆ ತಿರುಗಿ ಬೈಯಬಹುದು, ಆಗದಿದ್ದರೆ ಹಿತ್ತಿಲಿಗೆ ಹೋಗಿ ಅಳಬಹುದು. ಈ ಮಾತು ಬಿದ್ದ ಮೇಲೆ ಅಳುವುದೂ ತಪ್ಪಾಗುತ್ತಿತ್ತು. ದೊಡ್ಡಪ್ಪ ಊಟದ ತಟ್ಟೆಯನ್ನು ಎತ್ತಿ ಅಂಗಳಕ್ಕೆ ಬೀಸಿದರೆ ಅಜ್ಜಿ ದೊಡ್ಡವ್ವನ ಕಡೆ ತಿರುಗಿ, ದಣಿದು ಬಂದಿದ್ದಾನೆ, ನೀನೇ ಅರ್ಥ ಮಾಡ್ಕೊ ಎನ್ನುತ್ತಿದ್ದಳು. ಅಪ್ಪನ ಎದುರಿಗೇ ದೊಡ್ಡಪ್ಪ ಅವ್ವನನ್ನು ಹಂಗಿಸಿದರೆ, ಅಪ್ಪ ಆಮೇಲೆ ಕೊಟ್ಟಿಗೆಯ ಕತ್ತಲಲ್ಲಿ ನಿಂತು ಅವ್ವನಿಗೆ ಅದನ್ನೇ ಪಿಸುಗುಡುತ್ತಿದ್ದ. ಅರ್ಥ ಮಾಡಿಕೊಳ್ಳುವ ಕೆಲಸ ಯಾವಾಗಲೂ ಏಟು ತಿಂದವರದು. ದೊಡ್ಡಪ್ಪನಿಗೆ ಯಾರೂ ಯಾವತ್ತೂ ಏನನ್ನೂ ಅರ್ಥ ಮಾಡಿಕೊ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಮುಂದೆ ನಾನು ಮೈಸೂರಿನ ಕಾಲೇಜಿನಲ್ಲಿ ಸಾಹಿತ್ಯವನ್ನೂ ತತ್ವಶಾಸ್ತ್ರವನ್ನೂ ಓದಿದೆ. ಮನುಷ್ಯರನ್ನು ಅರ್ಥ ಮಾಡಿಕೊಳ್ಳಲು ಓದಬೇಕು ಎಂದು ಅಲ್ಲಿ ಒಬ್ಬರು ಮೇಷ್ಟ್ರು ಮೊದಲ ದಿನವೇ ಹೇಳಿದಾಗ ನನ್ನ ಮೈ ಉರಿದುಹೋಯಿತು. ಇವರೂ ನಮ್ಮ ಅಜ್ಜಿಯ ಕಡೆಯವರೇ ಎಂದುಕೊಂಡೆ.

ಮನೆ ಇದ್ದದ್ದು ಹಾರನಹಳ್ಳಿ ಹೋಬಳಿಯ ಒಂದು ಊರಿನಲ್ಲಿ. ಹೊಗೆಸೊಪ್ಪು ಬೆಳೆಯುವ ಊರು. ಬಾಗಿಲು ದಾಟಿದರೆ ಎಡಕ್ಕೆ ದನಗಳು, ಬಲಕ್ಕೆ ಜಗಲಿ, ಒಳಗೆ ನಡುಮನೆ. ನಡುಮನೆಯ ಒಂದು ಕಂಬಕ್ಕೆ ದೊಡ್ಡಪ್ಪ ಒರಗಿ ಒರಗಿ ಅವನ ಬೆನ್ನಿನ ಅಗಲಕ್ಕೆ ಎಣ್ಣೆಯ ಕಲೆಯಾಗಿತ್ತು. ಅವನಿಲ್ಲದಾಗಲೂ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಅವನ ಊಟ ಮುಗಿಯುವ ತನಕ ಹೆಂಗಸರು ಅಡುಗೆಮನೆಯ ಹೊಸಿಲಲ್ಲಿ ಸಾರಿನ ಸೌಟು ಹಿಡಿದು ನಿಂತಿರಬೇಕಿತ್ತು. ಸೊಪ್ಪಿನ ಕಾಲದಲ್ಲಿ ಎಲ್ಲರ ಕೈಯೂ ಕಪ್ಪಗೆ ಅಂಟಂಟಾಗಿರುತ್ತಿತ್ತು. ಎಷ್ಟು ಉಜ್ಜಿ ತೊಳೆದರೂ ಮುದ್ದೆ ಮುರಿದು ಬಾಯಿಗಿಟ್ಟರೆ ಮೊದಲು ಹತ್ತುವುದು ಆ ಕಹಿಯೇ. ನನಗೆ ಬಾಲ್ಯದ ರುಚಿ ಎಂದರೆ ಅದು. ಬೇರೆಯವರು ತಮ್ಮ ಬಾಲ್ಯದ ಬೆಣ್ಣೆ, ಬೆಲ್ಲದ ಬಗ್ಗೆ ಬರೆದದ್ದನ್ನು ಓದಿದರೆ ಸುಳ್ಳಾಡುತ್ತಿದ್ದಾರೆ ಎನಿಸುತ್ತದೆ.

ಮನೆಯ ಹಿಂದೆ ಬ್ಯಾರನ್. ಹೊಗೆಸೊಪ್ಪು ಬೇಯಿಸುವ ಕಟ್ಟಡಕ್ಕೆ ನಮ್ಮ ಕಡೆ ಎಲ್ಲರೂ ಹಾಗೇ ಅನ್ನುವುದು. ಕಿಟಕಿಯಿಲ್ಲದ, ಎರಡಾಳು ಎತ್ತರದ ದಪ್ಪ ಗೋಡೆಯ ಕೋಣೆ. ಒಳಗೆ ತಳದಲ್ಲಿ ಆಚೆಯಿಂದೀಚೆಗೆ ಹಾದ ದಪ್ಪ ತಗಡಿನ ಕೊಳವೆಗಳು, ಮೇಲೆ ಸಾಲು ಸಾಲಾಗಿ ಕಡ್ಡಿಗಳಿಗೆ ಕಟ್ಟಿ ತೂಗಿಬಿಟ್ಟ ಸೊಪ್ಪು. ಹಿಂಬದಿಯ ಒಲೆಗೆ ಹೊರಗಿನಿಂದ ಸೌದೆ ತಳ್ಳಿದರೆ ಕೊಳವೆಗಳು ಕಾದು ಸೊಪ್ಪು ಹಳದಿಗೆ ತಿರುಗಿ ಒಣಗಬೇಕು. ಒಲೆ ಹಚ್ಚಿದರೆ ಹಗಲೂ ರಾತ್ರಿ ಆರುವಂತಿಲ್ಲ. ಬಾಗಿಲಲ್ಲಿ ಒಳಗಿನ ಥರ್ಮಾಮೀಟರು ನೋಡಲು ಅಂಗೈಯಗಲದ ಗಾಜು, ಹೊರಗಡೆ ಉದ್ದನೆಯ ಕಬ್ಬಿಣದ ಚಿಲಕ, ಕಾವು ಸೋರದಿರಲೆಂದು. ಪ್ರತಿ ವರ್ಷ ಮೊದಲ ಬೆಂಕಿಗೆ ಮುಂಚೆ ಅಜ್ಜಿ ಒಲೆಗೂ ಆ ಚಿಲಕಕ್ಕೂ ಕುಂಕುಮವಿಟ್ಟು ನಿಂಬೆಹಣ್ಣು ಕೊಯ್ಯುತ್ತಿದ್ದಳು. ಒಮ್ಮೊಮ್ಮೆ ಬೆಂದ ಎಲೆ ಕಳಚಿ ಕಾದ ಕೊಳವೆಯ ಮೇಲೆ ಬೀಳುತ್ತದೆ. ಬಿಟ್ಟರೆ ಇಡೀ ಬ್ಯಾರನ್ ಹತ್ತಿ ಉರಿಯುತ್ತದೆ. ಆಗ ಯಾರಾದರೂ ಉಸಿರು ಕಟ್ಟಿ ಒಳಗೆ ನುಗ್ಗಿ ಆ ಎಲೆಯನ್ನು ಎಳೆದು ತರಬೇಕು. ಅದಕ್ಕೊಂದು ಕಟ್ಟಳೆಯಿತ್ತು. ಒಳಗೆ ಹೋಗುವವನು ತನ್ನ ಟವಲನ್ನು ಬಾಗಿಲ ಪಕ್ಕದ ಮೊಳೆಗೆ ತೂಗಿಹಾಕಬೇಕು. ಮೊಳೆಯಲ್ಲಿ ಟವಲಿದ್ದರೆ ಒಳಗೆ ಜನವಿದೆ, ಚಿಲಕ ಮುಟ್ಟಬಾರದು. ಮಾತು ಬಾರದ ಮಕ್ಕಳಿಗೂ ನಮ್ಮಲ್ಲಿ ಇದು ಗೊತ್ತಿತ್ತು. ಆಟದಲ್ಲಿ ನಾವು ಕೂಡ ಕೋಳಿಗೂಡಿನ ಮುಂದೆ ಚಿಂದಿ ತೂಗಿಹಾಕಿ ಆಡುತ್ತಿದ್ದೆವು.

ಚಿಕ್ಕಪ್ಪ ಸಿದ್ದರಾಜು ಆ ಮನೆಯಲ್ಲಿ ಕಾಲೇಜು ಕಂಡ ಮೊದಲನೆಯವನು. ಬಿ.ಎ. ಮುಗಿಸಿ ಒಂದು ತಗಡಿನ ಟ್ರಂಕಿನ ತುಂಬ ಪುಸ್ತಕ ಹೊತ್ತು ಬಂದ. ಕೆಲಸ ಸಿಗಲಿಲ್ಲ. ದೊಡ್ಡಪ್ಪ ಅವನನ್ನು ಬ್ಯಾರನ್ನಿಗೆ ಹಾಕಿದ.

“ಓದ್ದೋನಲ್ವಾ, ಥರ್ಮಾಮೀಟ್ರು ನೋಡು ಬಾ. ನಿನ್ ಬಿಯ್ಯೆಗೆ ಇದೊಂದಾದ್ರೂ ಬತ್ತದೋ ನೋಡವ.”

ಬ್ಯಾರನ್ನಿನ ಮುಂದೆ ತೆಂಗಿನ ಗರಿಯ ಚಪ್ಪರ. ಅಲ್ಲಿ ಅವ್ವ, ದೊಡ್ಡವ್ವನ ಜೊತೆ ಊರ ಹೆಂಗಸರು ಸಾಲಾಗಿ ಕೂತು ಬೆಳಗಿನಿಂದ ಸಂಜೆಯವರೆಗೆ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಬಗ್ಗಿದ ಕತ್ತು ಎತ್ತುವಂತಿಲ್ಲ. ಮಧ್ಯಾಹ್ನವಾದರೆ ತೂಕಡಿಕೆ. ಕೂಲಿಗೆ ಬರುತ್ತಿದ್ದ ಕೆಂಪಮ್ಮ ಒಂದು ದಿನ ಚಿಕ್ಕಪ್ಪನನ್ನು ಕೆಣಕಿದಳು.

“ಅಷ್ಟೊಂದು ಓದಿವ್ನಿ ಅಂತೀಯ, ಗಾಜಿನ್ ಕಡ್ಡಿ ನೋಡ್ಕೊಂಡು ಕುಂತಿದ್ದೀಯಲ್ಲಪ್ಪ. ಒಂದ್ ಕತೆನಾರ ಓದು, ನಿದ್ದೆ ಆರೋಗ್ಲಿ.”

ಹಾಗೆ ಶುರುವಾಯಿತು. ಚಿಕ್ಕಪ್ಪ ಮಕ್ಕರಿ ಬೋರಲು ಹಾಕಿ ಕೂತು ಓದುತ್ತಿದ್ದ. ಶಾಲೆ ಇಲ್ಲದ ದಿನ ನಾನು ಪಕ್ಕದಲ್ಲಿ ಎಲೆ ಜೋಡಿಸಿ ಕೊಡುತ್ತಿದ್ದೆ. ಮೊದಮೊದಲು ದೊಡ್ಡಪ್ಪನಿಗೆ ಇದು ಹಿಡಿಸಿತು, ಏಕೆಂದರೆ ಬೇರೆಯವರ ಚಪ್ಪರಕ್ಕೆ ಹೋಗಬೇಕಾದ ಹೆಂಗಸರು ಕತೆ ಕೇಳುವ ಆಸೆಗೆ ನಮ್ಮಲ್ಲಿಗೆ ಬರತೊಡಗಿದರು. ಅವರು ಕೇಳುವ ರೀತಿ ಬೇರೆ. ಕತೆ ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುತ್ತಿರಲಿಲ್ಲ. ಕತೆಯೊಳಗಿನ ಜನರ ಮೇಲೆ, ಅವರು ಪಕ್ಕದ ಬೀದಿಯವರೆಂಬಂತೆ, ಹರಿಹಾಯುತ್ತಿದ್ದರು. ಅವಳಿಗೆ ಬುದ್ಧಿ ಇಲ್ಲ, ತವರಿಗೆ ಹೋಗಬಾರದಿತ್ತು. ಅವನು ಅತ್ತದ್ದು ನಾಟಕ, ಅಳುವ ಗಂಡಸು ಬಾಗಿಲು ಹಾಕಿಕೊಂಡು ಅಳುತ್ತಾನೆ. ಚಿಕ್ಕಪ್ಪ ಒಮ್ಮೊಮ್ಮೆ ಪುಸ್ತಕ ಮಡಿಚಿ, ದುಃಖ ಎಂದರೇನು, ಭಯಕ್ಕೂ ನಾಚಿಕೆಗೂ ಏನು ವ್ಯತ್ಯಾಸ ಎಂದು ತಾನು ಕಾಲೇಜಿನಲ್ಲಿ ಕಲಿತ ತತ್ವಶಾಸ್ತ್ರವನ್ನು ಸೊಪ್ಪಿನ ನಡುವೆ ಹರಡುತ್ತಿದ್ದ. ಕೆಂಪಮ್ಮ, ನಾಚಿಕೆಗೆ ಒಬ್ಬ ನೋಡೋನು ಬೇಕು, ಭಯಕ್ಕೆ ಯಾರೂ ಬೇಡ ಎಂದಿದ್ದಳು. ಚಿಕ್ಕಪ್ಪ ದಿನವಿಡೀ ಆ ಮಾತನ್ನೇ ಹೇಳಿಕೊಂಡು ತಿರುಗಿದ.

ಆ ದಿನಗಳಲ್ಲೇ ಒಂದು ಕತೆ ಓದಿದ. ಕಚೇರಿಯಲ್ಲಿ ಸಾಹೇಬನಿಂದ ಬೈಸಿಕೊಂಡ ಗುಮಾಸ್ತನೊಬ್ಬ ಮನೆಗೆ ಬಂದು, ದೀಪದ ಬತ್ತಿ ಸರಿಯಿಲ್ಲವೆಂದು ಹೆಂಡತಿಗೆ ಹೊಡೆಯುತ್ತಾನೆ. ಅಷ್ಟೇ ಕತೆ. ಓದಿ ಮುಗಿಯಿತು. ದೊಡ್ಡವ್ವ ಕಟ್ಟುತ್ತಿದ್ದ ಕಡ್ಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ದೊಡ್ಡವ್ವ ಮದುವೆಯಾಗಿ ಬಂದಾಗಿನಿಂದ ಉಪ್ಪು ಹೆಚ್ಚಾಯಿತು, ಉಪ್ಪು ಕಡಿಮೆಯಾಯಿತು ಎಂದು ಏಟು ತಿಂದವಳು. ಉಪ್ಪಿನ ಅಳತೆಗೆಂದು ಅಡುಗೆಮನೆಯಲ್ಲಿ ಅವಳು ಬೇರೆಯೇ ಒಂದು ಚಿಪ್ಪು ಇಟ್ಟುಕೊಂಡಿದ್ದಳು.

“ಅಂಗಾರೆ ಉಪ್ಪಿಗಲ್ಲ,” ಎಂದಳು ಕೊನೆಗೆ.

“ಏನು ಅತ್ತಿಗೆ?” ಎಂದ ಚಿಕ್ಕಪ್ಪ.

“ಹೊಡ್ಯಾದು. ಉಪ್ಪಿಗಲ್ಲ ಕಣಪ್ಪ. ನಾನು ಇಷ್ಟು ವರ್ಸ ಉಪ್ಪು ಅಂತ್ಲೇ ಅನ್ಕಂಡಿದ್ನಲ್ಲ.”

ಒಂದು ಪುಸ್ತಕ ಒಬ್ಬ ಹೆಂಗಸಿಗೆ ಏನು ಮಾಡಬಲ್ಲದು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದೊಂದೇ. ಅವಳ ಮುಖದಲ್ಲಿ ಸಮಾಧಾನ ಇರಲಿಲ್ಲ. ಕಳ್ಳತನ ಕಂಡುಹಿಡಿದವರ ಮುಖ ಅದು.

ಕೆಲವು ದಿನ ಬಿಟ್ಟು ದೊಡ್ಡಪ್ಪ ಹುಣಸೂರಿನಿಂದ ಸಂಜೆ ಬಸ್ಸಿಗೆ ಬಂದವನು ಊಟಕ್ಕೆ ಕೂತ. ಉಪ್ಪೆಸರಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿ ತಲೆಯೆತ್ತಿದ. ಆ ತಲೆಯೆತ್ತುವಿಕೆ ನಮಗೆಲ್ಲ ಗೊತ್ತಿತ್ತು. ನಾನು ಗೋಡೆಗೆ ಅಂಟಿದೆ. ದೊಡ್ಡವ್ವ ಸೌಟು ಹಿಡಿದು ನಿಂತಿದ್ದವಳು, ಹೆದರಿಕೆಯಿಲ್ಲದೆ, ಮಳೆ ಬಂತಾ ಎಂದು ಕೇಳುವ ದನಿಯಲ್ಲಿ ಕೇಳಿದಳು.

“ಯಾರು ಏನಂದ್ರು ಇವತ್ತು ಹುಣಸೂರಲ್ಲಿ ನಿಮ್ಗೆ?”

ದೊಡ್ಡಪ್ಪ ಹೊಡೆಯಲಿಲ್ಲ. ತಟ್ಟೆ ಎಸೆಯಲಿಲ್ಲ. ಕೈ ಹಾಗೇ ನಿಂತಿತು. ಯಾರೋ ಏನೋ ಅಂದಿದ್ದರು, ಅದು ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು. ಅವನು ಹೆಂಡತಿಯನ್ನು ನೋಡಿ, ಆಮೇಲೆ ನಿಧಾನವಾಗಿ ಕತ್ತು ತಿರುಗಿಸಿ ಮೂಲೆಯಲ್ಲಿ ಉಣ್ಣುತ್ತಿದ್ದ ಚಿಕ್ಕಪ್ಪನನ್ನು ನೋಡಿದ.

“ಇದೇನ್ಲಾ ಸಿದ್ದ, ನೀನು ಚಪ್ಪರದಲ್ಲಿ ಕಲ್ಸ್ತಿರೋದು? ನನ್ ಮನೆ ಒಳ್ಗಡೆ ನಂಗೇ ಕನ್ನಡಿ ಹಿಡ್ಯಾದಾ?”

“ಕತೆ ಅಣ್ಣ ಅದು. ಯಾರೋ ಎಲ್ಲೋ ಬರ್ದಿದ್ದು.”

“ಎಲ್ಲೋ ಕುಂತೋನಿಗೆ ನನ್ ತಟ್ಟೆ ಎಂಗ್ ಕಾಣ್ಸ್ತು?”

ಚಿಕ್ಕಪ್ಪ ನಕ್ಕುಬಿಟ್ಟ. ಅಣಕಿಸಿ ಅಲ್ಲ. ಅಣ್ಣ ಆಡಿದ ಮಾತು ಅವನಿಗೆ ನಿಜವಾಗಿಯೂ ಇಷ್ಟವಾಗಿತ್ತು, ಒಳ್ಳೆಯ ಮಾತು ಕೇಳಿದರೆ ನಗುವುದು ಅವನ ಸ್ವಭಾವ. ಆದರೆ ದೊಡ್ಡಪ್ಪ ಅರ್ಧ ಊಟಕ್ಕೆ ಎದ್ದು ಕೈ ತೊಳೆದ. ಅಜ್ಜಿ ಚಿಕ್ಕಪ್ಪನಿಗೆ, ದೊಡ್ಡವನು ಕಣಪ್ಪ, ಅರ್ಥ ಮಾಡ್ಕೊ ಎಂದಳು. ಮರುದಿನ ಚಿಕ್ಕಪ್ಪ ಮತ್ತೆ ಓದಿದ. ಆ ದಿನದಿಂದ ದೊಡ್ಡಪ್ಪ ಚಪ್ಪರದ ಹತ್ತಿರ ಬಂದಾಗಲೆಲ್ಲ ಕಾರಿ ಉಗಿಯುವನು. ಕಡ್ಡಿಯ ಕಟ್ಟನ್ನು ದಢಾರನೆ ನೆಲಕ್ಕೆ ಎಸೆಯುವನು. ಒಮ್ಮೆ ಬೇಕೆಂದೇ ಎಮ್ಮೆಯನ್ನು ತಂದು ಚಪ್ಪರದ ಕಂಬಕ್ಕೆ ಕಟ್ಟಿದ. ಎಮ್ಮೆ ಅರಚಿದರೆ ಚಿಕ್ಕಪ್ಪ ದನಿ ಏರಿಸಿ ಓದುವನು.

ಆಮೇಲೆ ಶುರು ಮಾಡಿದ್ದು ಒಂದು ಉದ್ದ ಕತೆಯ ಪುಸ್ತಕ. ರಟ್ಟು ಹರಿದುಹೋಗಿ ಬರೆದವರ ಹೆಸರೂ ಇರಲಿಲ್ಲ. ಒಂದೇ ಮನೆಯಲ್ಲಿ ಅತ್ತೆ ಸೊಸೆ, ವರ್ಷಗಳಿಂದ ಮಾತಿಲ್ಲ. ಹೇಳಬೇಕಾದದ್ದನ್ನೆಲ್ಲ ಮನೆಯ ಬೆಕ್ಕಿಗೆ ಹೇಳುತ್ತಾರೆ. ‘ಏ ಬೆಕ್ಕೇ, ಕೆಲವರಿಗೆ ಒಲೆ ಮೇಲಿಟ್ಟ ಹಾಲು ಉಕ್ಕುವುದು ಕಾಣುವುದಿಲ್ಲ’ ಎಂದು ಅತ್ತೆ. ‘ಏ ಬೆಕ್ಕೇ, ಕೆಲವರಿಗೆ ಹಾಲಿನ ಮೇಲಿರುವ ಕಣ್ಣು ಮನುಷ್ಯರ ಮೇಲಿಲ್ಲ’ ಎಂದು ಸೊಸೆ. ಚಪ್ಪರದಲ್ಲಿ ನಗು ತಡೆಯಲು ಆಗುತ್ತಿರಲಿಲ್ಲ. ಕೆಂಪಮ್ಮ ತನ್ನ ಸೊಸೆಗೆ ಹೇಳಬೇಕಾದದ್ದನ್ನು ನಮ್ಮ ಎಮ್ಮೆಗೆ ಹೇಳತೊಡಗಿದಳು. ನಗುವಿನ ಕೆಳಗೆ ಇನ್ನೇನೋ ನಡೆಯುತ್ತಿತ್ತು ಎಂದು ಈಗ ಅನಿಸುತ್ತದೆ. ಪ್ರತಿಯೊಬ್ಬಳೂ ತನ್ನ ಮನೆಯ ಬೆಕ್ಕು ಯಾರೆಂದು ಹುಡುಕುತ್ತಿದ್ದಳು. ನಮ್ಮ ಮನೆಯ ಬೆಕ್ಕು ಅಪ್ಪ.

ಆ ಮಧ್ಯಾಹ್ನ ಬ್ಯಾರನ್ನಿಗೆ ಬೆಂಕಿ ಹಾಕಿ ಮೂರನೆಯ ದಿನ, ಕಾವು ಏರಿದ ಹೊತ್ತು. ಕತೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಳು. ಜ್ವರದಲ್ಲಿ ಬೆಕ್ಕನ್ನು ಕರೆಯಲಾಗದೆ ಮೊದಲ ಸಲ ಸೊಸೆಯ ಹೆಸರು ಹಿಡಿದು ನೀರು ಕೇಳಿದ್ದಳು. ಚಿಕ್ಕಪ್ಪ ಅಲ್ಲಿಗೆ ನಿಲ್ಲಿಸಿ, ಬಾಗಿಲ ಗಾಜಿನಲ್ಲಿ ಕಾವು ನೋಡಲು ಎದ್ದುಹೋದವನು ಒಳಗೆ ಎಲೆ ಬಿದ್ದಿದೆ ಎಂದ. ಪುಸ್ತಕವನ್ನು ನನ್ನ ಕೈಗೆ ತುರುಕಿದ.

“ನಿಲ್ಲುಸ್ಬೇಡ ಕೂಸೆ, ನೀನು ಓದ್ತಿರು. ಬಂದೆ.”

ಟವಲನ್ನು ಮೊಳೆಗೆ ತೂಗಿಹಾಕಿ, ಬಾಗಿಲು ಸರಿಸಿ, ಬಗ್ಗಿ ಒಳಗೆ ಹೋದ. ಕಾವು ಸೋರದಂತೆ ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡ. ನಾನು ಮಕ್ಕರಿಯ ಮೇಲೆ ಕೂತು ಓದತೊಡಗಿದೆ. ದೊಡ್ಡವರ ಮುಂದೆ ಗಟ್ಟಿಯಾಗಿ ಓದಿದ್ದು ಅದೇ ಮೊದಲು, ಪದ ಪದಕ್ಕೂ ಎಡವುತ್ತಿದ್ದೆ. ಆಗ ದೊಡ್ಡಪ್ಪ ಹೊಲದ ಕಡೆಯಿಂದ ಬಂದ. ತಲೆಗೆ ಅವನ ಟವಲು ಸುತ್ತಿತ್ತು, ಕೈಯಲ್ಲಿ ಕೊಡಲಿ. ಚಪ್ಪರದ ಅಂಚಿನಲ್ಲಿ, ನನ್ನ ಬೆನ್ನಿಗೆ ಅವನ ಪಂಚೆ ತಾಗುವಷ್ಟು ಹತ್ತಿರದಲ್ಲಿ ಹಾದು ಬಾಗಿಲ ಮುಂದೆ ನಿಂತ. ಒಂದು ಗಳಿಗೆ ನಿಂತೇ ಇದ್ದ. ಕೊಡಲಿಯನ್ನು ಗೋಡೆಗೆ ಒರಗಿಸಿದ. ಮೊಳೆಯಿಂದ ಟವಲು ತೆಗೆದ. ಹೆಗಲ ಮೇಲೆ ಹಾಕಿಕೊಂಡ. ಚಿಲಕ ತಳ್ಳಿದ. ಬಿದ್ದಿದೆಯೋ ಇಲ್ಲವೋ ಎಂದು ಒಮ್ಮೆ ಎಳೆದು ನೋಡಿದ. ಕೊಡಲಿ ತೆಗೆದುಕೊಂಡು ಹಿಂದಿನ ಒಲೆಯ ಕಡೆ ಹೋದ.

ನಾನು ಓದುತ್ತಿದ್ದ ವಾಕ್ಯ ಇದು. ‘ಸೊಸೆ ಚೊಂಬಿನಲ್ಲಿ ನೀರು ಹಿಡಿದು ಅತ್ತೆಯ ಕೋಣೆಯ ಹೊಸಿಲಲ್ಲಿ ನಿಂತಳು.’ ಅಲ್ಲಿಗೆ ನನ್ನ ದನಿ ನಿಂತಿತು.

“ಯಾಕವ್ವ ನಿಲ್ಲುಸ್ಬುಟ್ಟೆ?” ಎಂದಳು ಕೆಂಪಮ್ಮ, ತಲೆಯೆತ್ತದೆ. “ಕೊಟ್ಲಾ ಇಲ್ವಾ ನೀರು?”

ಹಿಂದಿನಿಂದ ಸೌದೆ ಸೀಳುವ ಸದ್ದು ಶುರುವಾಯಿತು. ನನ್ನ ಬಾಯಿಂದ ಬಂದದ್ದು ಮಾತಲ್ಲ, ಬರಿಯ ಕೂಗು. ಚಿಕ್ಕಪ್ಪ ಒಳ್ಗವ್ರೆ ಎಂದು ಅರಚಿಕೊಂಡು ನಾನು ಓಡಿದೆ, ಅವ್ವ ನನ್ನನ್ನು ದಾಟಿ ಓಡಿದಳು. ಒಳಗಿನಿಂದ ಬಾಗಿಲನ್ನು ಗುದ್ದುವುದು ಹತ್ತಿರ ಹೋದ ಮೇಲಷ್ಟೇ ಕೇಳುತ್ತಿತ್ತು, ದೂರದಲ್ಲಿ ಯಾರೋ ರಾಗಿ ಕುಟ್ಟಿದ ಹಾಗೆ. ಕಾದ ಚಿಲಕ ಬಿಗಿದುಕೊಂಡಿತ್ತು. ಅವ್ವನ ಸೊಪ್ಪಿನ ಅಂಟಿನ ಕೈ ಅದಕ್ಕೆ ಕಚ್ಚಿಕೊಂಡು ಚರ್ಮ ಸುಟ್ಟಿತೇ ಹೊರತು ಚಿಲಕ ಜರುಗಲಿಲ್ಲ.

“ಭಾವ! ಬಾಗ್ಲು! ಸಿದ್ದರಾಜು ಒಳ್ಗವ್ರೆ ಭಾವ!”

ಸೌದೆ ಸೀಳುವ ಸದ್ದು ನಿಲ್ಲಲಿಲ್ಲ. ಗುದ್ದುವ ಸದ್ದು ನಿಂತಿತು. ನನ್ನ ಕನಸಿನಲ್ಲಿ ಇವತ್ತಿಗೂ ಬರುವುದು ಗುದ್ದುವ ಸದ್ದಲ್ಲ. ಅದು ನಿಂತದ್ದು. ದೊಡ್ಡವ್ವ ಬಟ್ಟೆ ಒಗೆಯುವ ಕಲ್ಲಿನ ಹತ್ತಿರದಿಂದ ಒಂದು ಗುಂಡುಕಲ್ಲು ಎತ್ತಿಕೊಂಡು ಬಂದಳು. ಚಿಲಕದ ತಲೆಗೆ ಅವಳು ಹೊಡೆದ ಏಟುಗಳನ್ನು ನೋಡಿದವರಿಗೆ, ಅವಳು ಹೊಡೆಯುತ್ತಿದ್ದುದು ಬರಿಯ ಚಿಲಕಕ್ಕಲ್ಲ ಎಂದು ತಿಳಿಯುವಂತಿತ್ತು. ಬಾಗಿಲು ತೆರೆದಾಗ ಕಾವು ನಮ್ಮನ್ನು ಹಿಂದಕ್ಕೆ ತಳ್ಳಿತು. ಚಿಕ್ಕಪ್ಪ ಕೆಳಗೆ ಬಿದ್ದಿದ್ದ. ಬಲಗೈ ಕೊಳವೆಯ ಮೇಲೆ ಬಿದ್ದು, ಮೊಣಕೈಯಿಂದ ಮುಂಗೈವರೆಗೆ ಚರ್ಮ ಅಲ್ಲೇ ಉಳಿದಿತ್ತು. ಹೆಂಗಸರು ಕಾಲು ಹಿಡಿದು ಎಳೆದರು. ನೀರು ಹುಯ್ದರು. ಅವನು ಉಸಿರಾಡಿದ ಮೇಲೆ ದೊಡ್ಡಪ್ಪ ಮೂಲೆಯಿಂದ ಕಾಣಿಸಿಕೊಂಡ, ತಲೆಯಲ್ಲಿ ಒಂದು ಟವಲು, ಹೆಗಲಲ್ಲಿ ಒಂದು ಟವಲು.

“ಯಾರು ಒಳ್ಗಿದ್ದೋರು?” ಎಂದು ಕೇಳಿದ.

ಪಿರಿಯಾಪಟ್ಟಣದಿಂದ ಕೈಗೆ ಪಟ್ಟಿ ಸುತ್ತಿಸಿಕೊಂಡು ಚಿಕ್ಕಪ್ಪನನ್ನು ಕರೆತಂದ ಸಂಜೆ ನಡುಮನೆಯಲ್ಲಿ ಎಲ್ಲರೂ ಸೇರಿದರು. ದೊಡ್ಡಪ್ಪ ಅವನ ಕಂಬಕ್ಕೇ ಒರಗಿ ಕೂತ. ಟವಲಿರಲಿಲ್ಲ ಎಂದ. ಇತ್ತು ಎಂದೆ ನಾನು. ಅವ್ವ ನನ್ನ ಬಾಯಿಗೆ ಸುಟ್ಟ ಕೈ ಅಡ್ಡ ಹಿಡಿದಳು, ನಾನು ತಳ್ಳಿದೆ.

“ಮೊಳೆಯಿಂದ ತಗುದ್ರಿ. ತಲೇಲಿ ಒಂದಿತ್ತು, ಹೆಗಲ ಮೇಲೆ ಒಂದು ಹಾಕ್ಕಂಡ್ರಿ. ನಾನ್ ನೋಡ್ದೆ.”

“ಇದ್ದಿರ್ಬೌದು. ಒಣಗಾಕವ್ರೆ ಅನ್ಕಂಡೆ,” ಎಂದ ದೊಡ್ಡಪ್ಪ. ಅವನ ದನಿ ಏರಲೇ ಇಲ್ಲ. “ಚಪ್ಪರದಲ್ಲಿ ಓದೋ ಸದ್ದು ಬತ್ತಿತ್ತು. ಸಿದ್ದ ಅಲ್ಲೇ ಕುಂತು ಓದ್ತಾವ್ನೆ ಅಂತ ಚಿಲ್ಕ ಹಾಕ್ದೆ. ಓದ್ತಿದ್ದೋನು ಅವ್ನೋ ಈ ಕೂಸೋ, ನಂಗೇನ್ ಗೊತ್ತು? ಆ ಪುರಾಣವ ನಾನು ಯಾವತ್ತು ಕಿವಿಗಾಕ್ಕಂಡಿದ್ದೀನಿ?”

ಅವನಿಗೆ ಆ ಓದು ಕಂಡರಾಗದು ಎಂದು ಊರಿಗೇ ಗೊತ್ತಿತ್ತು. ಅವನ ಹಗೆಯೇ ಅವನ ಸಾಕ್ಷಿಯಾಯಿತು. ಅಪ್ಪ ನೆಲ ನೋಡುತ್ತಿದ್ದ. ಅಜ್ಜಿ ಚಿಕ್ಕಪ್ಪನನ್ನು, ನೀನು ಹೇಳಪ್ಪ ಎಂದಳು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ನಾನು ಕಂಡದ್ದನ್ನು ನಿಜವೆಂದು ಅವನು ಹೇಳಿದರೆ ಮಾತ್ರ ಆ ಮನೆ ನಂಬುತ್ತಿತ್ತು.

“ಅಣ್ಣ ಬೇಕಂತ ಮಾಡಿಲ್ಲ ಕಣವ್ವ,” ಎಂದ ಚಿಕ್ಕಪ್ಪ. “ನಾನು ಅಲ್ಲಿದ್ದೀನಿ ಅನ್ಕಂಡವ್ನೆ. ಬುಡಿ.”

ನನ್ನ ಕಡೆ ತಿರುಗಿ, ಅರ್ಥ ಮಾಡ್ಕೊ ಎಂದ. ಅವನೂ.

ಚಪ್ಪರದ ಓದು ಮತ್ತೆ ನಡೆಯಲಿಲ್ಲ. ದೊಡ್ಡಪ್ಪ ಬೇಡವೆನ್ನಬೇಕಾಗಿಯೂ ಬರಲಿಲ್ಲ. ಹೆಂಗಸರು ಬಂದು ಸೊಪ್ಪು ಕಟ್ಟಿ ಎದ್ದುಹೋಗುತ್ತಿದ್ದರು. ಆದರೆ ಕೆರೆಯ ಹತ್ತಿರ, ಗಿರಣಿಯ ಮುಂದೆ, ಒಬ್ಬೊಬ್ಬಳಾಗಿ ಬಂದು ನನ್ನನ್ನು ಕೇಳಿದರು, ಸೊಸೆ ನೀರು ಕೊಟ್ಟಳಾ ಎಂದು. ಪುಸ್ತಕದ ಉಳಿದ ಹಾಳೆಗಳನ್ನು ಅಟ್ಟದ ಮೇಲೆ ಕೂತು ನಾನೇ ಓದಿ ಮುಗಿಸಿದ್ದೆ. ಎಲ್ಲರಿಗೂ ಹೇಳಿದೆ. ಕೆಂಪಮ್ಮನಿಗೆ ಎರಡು ಸಲ. ಮುಂದಿನ ಸೊಪ್ಪಿನ ಕಾಲಕ್ಕೆ ಮುಂಚೆ ಚಿಕ್ಕಪ್ಪ ಎಚ್.ಡಿ. ಕೋಟೆ ಕಡೆಯ ಒಂದು ಶಾಲೆಗೆ ಮೇಷ್ಟ್ರಾಗಿ ಹೋದ. ಟ್ರಂಕನ್ನು ನನಗೆ ಬಿಟ್ಟ.

ನಾನು ಓದಿದ್ದು ಸೇಡಿಗೆ. ಒಬ್ಬ ಮನುಷ್ಯ ಒಂದು ಕೆಲಸವನ್ನು ತಿಳಿದು ಮಾಡಿದ, ತಿಳಿಯದೆ ಮಾಡಿದ ಎಂದು ಹೊರಗಿನಿಂದ ಹೇಗೆ ಹೇಳುವುದು, ಇದೊಂದು ಪ್ರಶ್ನೆಗೆ ನನಗೆ ಉತ್ತರ ಬೇಕಿತ್ತು. ಕಾದಂಬರಿಗಳು ಕೊಲೆ ಮಾಡಿದವನ ಎದೆಯೊಳಗೆ ನನ್ನನ್ನು ಕೂರಿಸಿ ಅವನ ಬಾಲ್ಯ ತೋರಿಸಿದವು. ಅಲ್ಲಿಂದ ಎದ್ದು ಬಂದೆ. ತತ್ವಶಾಸ್ತ್ರದ ತರಗತಿಯಲ್ಲಿ ಮೇಷ್ಟ್ರು, ಮನಸ್ಸು ಬೇರೆಲ್ಲೋ ಇದ್ದು ಕೈ ಅಭ್ಯಾಸಬಲದಿಂದ ಮಾಡಿದ ಕೆಲಸಕ್ಕೆ ಹೊಣೆ ಯಾರು ಎಂದು ಕೇಳಿದರು. ನಾನು ಎದ್ದು ನಿಂತೆ. ಕೈ ಎರಡು ಕೆಲಸ ಮಾಡಿದ್ದರೆ ಸರ್? ಮೊದಲು ಟವಲು ತೆಗೆದು, ಆಮೇಲೆ ಚಿಲಕ ಹಾಕಿದ್ದರೆ? ಎಂದು ಆ ಕಟ್ಟಳೆಯನ್ನೆಲ್ಲ ಹೇಳಿದೆ. ಮೇಷ್ಟ್ರಿಗೆ ಖುಷಿಯಾಯಿತು. ಎಂಥ ಒಳ್ಳೆಯ ಉದಾಹರಣೆ ಎಂದು ಬೋರ್ಡಿನ ಮೇಲೆ ಬರೆದರು. ನನ್ನ ಚಿಕ್ಕಪ್ಪ ಸೀಮೆಸುಣ್ಣದಲ್ಲಿ ‘ಕ’ ಎಂಬ ಮನುಷ್ಯನಾದ, ದೊಡ್ಡಪ್ಪ ‘ಖ’ ಆದ. ಗಂಟೆ ಹೊಡೆಯಿತು, ಯಾರೋ ಡಸ್ಟರ್ ತೆಗೆದುಕೊಂಡು ಒರೆಸಿದರು. ನಾನು ಹೊರಗೆ ಹೋಗಿ ನಲ್ಲಿಯ ಕೆಳಗೆ ತಲೆ ಹಿಡಿದು ನಿಂತೆ.

ಆ ರಜೆಯಲ್ಲಿ ಚಿಕ್ಕಪ್ಪನನ್ನು ಕಾಣಲು ಹೋದೆ. ಕೋಟೆಗೆ ಮುಂಚೆ ಸಿಗುವ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದರೆ ಹೋಟೆಲಿನ ಮುಂದೆ ಅವನೇ ನಿಂತಿದ್ದ. ಬಲಗೈ ಪೂರ್ತಿ ಚಾಚುತ್ತಿರಲಿಲ್ಲ. ಎಡಗೈಯಲ್ಲಿ ಟೀ ಲೋಟ ಹಿಡಿದು, ಅಣ್ಣ ಶಾಲೆ ಬಿಟ್ಟದ್ದು ನನ್ನನ್ನು ಓದಿಸಲಿಕ್ಕೆ, ಅವನ ಜಾಗದಲ್ಲಿ ನಿಂತು ನೋಡಬೇಕು ಕಣವ್ವ ಎಂದ.

“ನಿಂತೆ ಚಿಕ್ಕಪ್ಪ,” ಎಂದೆ. “ಅಲ್ಲಿಂದ ಟವಲು ಚೆನ್ನಾಗಿ ಕಾಣುತ್ತೆ.”

ಈ ಸಲ ಅವನು ನಗಲಿಲ್ಲ. “ಆ ಮಾತ ಒಪ್ಕಂಡ್ರೆ ನಾನು ಬದುಕಬೇಕಲ್ಲ,” ಎಂದು ಲೋಟ ಕೆಳಗಿಟ್ಟ. ಅಣ್ಣನನ್ನು ಅರ್ಥ ಮಾಡಿಕೊಳ್ಳಲು ಕಲಿಸಿದ ಓದು ಅವನಿಗೆ ಬದುಕಲು ಬೇಕಾಗಿತ್ತು. ಅದನ್ನು ಅವನಿಂದ ಕಿತ್ತುಕೊಳ್ಳಲು ನನಗೆ ಹಕ್ಕಿಲ್ಲ ಎಂದು ಸುಮ್ಮನಾದೆ. ಆದರೆ ಒಪ್ಪಲಿಲ್ಲ.

ನಾನು ಕೆ.ಆರ್. ನಗರದ ಕಾಲೇಜಿನಲ್ಲಿ ಪಾಠ ಹೇಳಲು ಶುರು ಮಾಡಿ ಸ್ವಲ್ಪ ಕಾಲವಾಗಿತ್ತು. ದೊಡ್ಡಪ್ಪನಿಗೆ ಮೈಸೂರಿನಲ್ಲಿ ಕಣ್ಣಿನ ಪೊರೆ ತೆಗೆಸಿದರು. ಅವ್ವ ಹೇಳಿ ಕಳಿಸಿದ್ದಕ್ಕೆ ಒಂದು ಭಾನುವಾರ ಊರಿಗೆ ಹೋದೆ. ಅವನು ಕಪ್ಪು ಕನ್ನಡಕ ಹಾಕಿಕೊಂಡು ಕಂಬಕ್ಕೆ ಒರಗಿ ಕೂತಿದ್ದ. ಟಿ.ವಿ. ನೋಡುವಂತಿಲ್ಲ, ಬಿಸಿಲಿಗೆ ಹೋಗುವಂತಿಲ್ಲ. ಹೆಂಗಸರು ಹೊಲಕ್ಕೆ ಹೋಗಿದ್ದರು. ನಾನು ಬಂದದ್ದು ಹೆಜ್ಜೆಯ ಸದ್ದಿಗೇ ಗೊತ್ತಾಯಿತು ಅವನಿಗೆ.

“ಸುಮ್ನೆ ಕುಂತು ಸಾಕಾಗದೆ ಕಣವ್ವ. ಏನಾರ ಓದು.”

“ಏನು ಓದಲಿ?” ಎಂದೆ. ಆ ಮನೆಯಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

“ಆ ಬೆಕ್ಕಿಂದು ಐತಾ? ಅತ್ತೆ ಸೊಸೆ.”

ಅಟ್ಟ ಹತ್ತಿ ಟ್ರಂಕು ತೆರೆದು ಪುಸ್ತಕ ತಂದೆ. ಮಧ್ಯದಿಂದ ಓದತೊಡಗಿದೆ. ಬೆಕ್ಕಿನ ಮಾತು ಬರುವ ಮೊದಲೇ ಅವನ ತುಟಿ ಅಗಲವಾಗುತ್ತಿತ್ತು. ಹಾಲು ಉಕ್ಕುವ ಮಾತನ್ನು ನಾನು ಓದುವ ಮುಂಚೆ ಅವನೇ ಅಂದ. ಉಗಿಯುತ್ತ, ಕಡ್ಡಿ ಎಸೆಯುತ್ತ, ಎಮ್ಮೆ ಕಟ್ಟುತ್ತ ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಆದರೂ ಓದಿದೆ. ಅತ್ತೆ ಹಾಸಿಗೆ ಹಿಡಿದಳು. ಹೆಸರು ಹಿಡಿದು ಕರೆದಳು. ಸೊಸೆ ಚೊಂಬಿನಲ್ಲಿ ನೀರು ಹಿಡಿದು ಅತ್ತೆಯ ಕೋಣೆಯ ಹೊಸಿಲಲ್ಲಿ ನಿಂತಳು.

“ಇಲ್ಲಿಗೇ ಅಲ್ವಾ,” ಎಂದ ದೊಡ್ಡಪ್ಪ, “ಅವತ್ತು ನಿನ್ ದನಿ ನಿಂತೋಗಿದ್ದು.”

ಹಂಚಿನ ಮೇಲೆ ಕೋಳಿ ನಡೆಯುವುದು ಕೇಳಿಸಿತು. ಓದುತ್ತಿದ್ದವನು ಚಿಕ್ಕಪ್ಪನೆಂದುಕೊಂಡು ಚಿಲಕ ಹಾಕಿದೆ ಎಂದು ಇದೇ ಕಂಬಕ್ಕೆ ಒರಗಿ ಹೇಳಿದವನ ಬಾಯಿ ಅದು. ತಾನೇನು ಅಂದೆನೆಂದು ಅವನಿಗೆ ಹೊಳೆಯಿತೋ ಇಲ್ಲವೋ, ಕಪ್ಪು ಕನ್ನಡಕದ ಹಿಂದೆ ನನಗೆ ಕಾಣಲಿಲ್ಲ. ಹೆಗಲ ಟವಲು ತೆಗೆದು ಕೆನ್ನೆ ಒರೆಸಿಕೊಂಡ. ಔಷಧಿಯ ನೀರಿರಬೇಕು.

“ಮುಂದಕ್ಕೆ? ಕೊಟ್ಲಾ ನೀರು?”

ನಾನು ಪುಸ್ತಕ ಮುಚ್ಚಿದೆ.

“ಕ್ವಾಪ ಮಾಡ್ಕಬೇಡ ಕಣವ್ವ. ಓದ್ದೆ ಇದ್ರೆ ಬುಡು. ಕೊಟ್ಲಾ ಇಲ್ವಾ, ಅದೊಂದು ಮಾತ ಹೇಳು.”

ಅಷ್ಟು ವರ್ಷ ಆ ಒಂದು ಮಾತಿಗಾಗಿ ಅವನು ಯಾರನ್ನೂ ಕೇಳಲಾಗದೆ ಕಾದಿದ್ದ. ಕೇಳಿದ್ದರೆ ತಾನು ಕೇಳಿಸಿಕೊಂಡಿದ್ದೆ ಎಂದು ಒಪ್ಪಬೇಕಿತ್ತು. ಚಪ್ಪರದಲ್ಲಿ ಕೂತ ಎಲ್ಲ ಹೆಂಗಸರಿಗೂ ಗೊತ್ತಿರುವ ಆ ಕೊನೆ ಗೊತ್ತಿಲ್ಲದವನು ಅವನೊಬ್ಬನೇ. ನಾನು ಎದ್ದೆ. ಹಿಂದಿನಿಂದ ಅವನು ನನ್ನ ಹೆಸರು ಹಿಡಿದು ಕರೆದ. ಅಟ್ಟ ಹತ್ತಿ ಪುಸ್ತಕವನ್ನು ಟ್ರಂಕಿನ ತಳಕ್ಕೆ ಇಟ್ಟು ಮುಚ್ಚಳ ಹಾಕಿದೆ. ಚಿಲಕ ತಳ್ಳಿದೆ. ಬಿದ್ದಿದೆಯೋ ಇಲ್ಲವೋ ಎಂದು ಒಮ್ಮೆ ಎಳೆದು ನೋಡಿದೆ.